ಒಳಗೆ ಕರೆದು ಕೂಡಿಸಿದವರಿಗೆ

ಕಲಬುರಗಿಯ ರೈಲು ಹಳಿಗಳ ಆಚೆಗಿನ ಓಣಿಗಳಲ್ಲಿ ಕ್ಷಯರೋಗಿಗಳ ಮನೆಗಳಿಗೆ ನಾವು ಹೋಗಿಬರುತ್ತಿದ್ದುದು ನಿಮಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಪಟ್ಟಿಯಲ್ಲಿದ್ದ ಕೊನೆಯವರೂ ಆರು ತಿಂಗಳ ಮಾತ್ರೆ ಮುಗಿಸಿ, ಕಫದಲ್ಲಿ ರೋಗಾಣು ಇಲ್ಲವೆಂಬ ಚೀಟಿ ಹಿಡಿದು ಈ ವಾರ ಮನೆಗೆ ಬಂದಿದ್ದಾರೆ. ಹಣ ಕೊಟ್ಟವರಿಗೆ, ತೊಗರಿಬೇಳೆ ಮತ್ತು ಶೇಂಗಾದ ಪೊಟ್ಟಣ ಕಟ್ಟಿದ ವಿದ್ಯಾರ್ಥಿಗಳಿಗೆ, ಕ್ಷಯರೋಗಿಗಳ ಪೌಷ್ಟಿಕ ಊಟಕ್ಕೆಂದು ಸರ್ಕಾರ ಕೊಡುವ ತಿಂಗಳಿಗೆ 1,000 ರೂಪಾಯಿಯ ಹಣ ಖಾತೆಗೆ ಬೀಳದಿದ್ದಾಗ ರೋಗಿಗಳ ಜೊತೆ ಬ್ಯಾಂಕಿಗೆ ಅಲೆದ ಗೆಳೆಯರಿಗೆ, ಬಿಸಿಲನ್ನು ಲೆಕ್ಕಿಸದೆ ನಮ್ಮೊಡನೆ ತಿರುಗಿದ ಆಶಾ ಕಾರ್ಯಕರ್ತೆಯರಿಗೆ ಶರಣು.

ಇನ್ನು ಉಳಿದದ್ದೆಲ್ಲ ಒಬ್ಬರ ಕುರಿತು. ಹೆಸರು ಹಾಕಬಾರದೆಂದು ಅವರ ಕಟ್ಟಪ್ಪಣೆಯಾಗಿರುವುದರಿಂದ ಓಣಿಯವರಂತೆ ನಾನೂ ಆಯಿ ಎಂದೇ ಬರೆಯುತ್ತೇನೆ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವರ ಕಸುಬು. ಬಾಗಿಲಲ್ಲಿ ನಿಂತು ರಿಜಿಸ್ಟರ್ ತೆರೆದ ನಮಗೆ ಅವರು ಹೇಳಿದ ಮೊದಲ ಮಾತು, "ಮೊದಲ ಕುಂದರ್ರಿ, ಆಮ್ಯಾಲ ಕೇಳ್ರಿ" ಎಂಬುದು. ಕುಳಿತ ಮೇಲೆಯೇ ಜನ ಬಾಯಿಬಿಟ್ಟರು. ಮಾತ್ರೆ ನುಂಗಿದಾಗ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುವುದನ್ನು ಕಂಡು, ರಕ್ತವೇ ಹೋಗುತ್ತಿದೆಯೆಂದು ಹೆದರಿ, ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದ ಹೆಂಗಸಿನ ಸಂಗತಿ ಹೊರಬಿದ್ದದ್ದು ಹಾಗೆ. ಅದು ಔಷಧದ ಬಣ್ಣವಷ್ಟೇ ಎಂದು ತಿಳಿದ ಮೇಲೆ ಅವರು ಮತ್ತೆ ಶುರುಮಾಡಿದರು.

ಕಿಟಕಿ ತೆರೆದಿಡಿ ಎಂದು ಹೇಳುವುದು ಸುಲಭ. ಪರಸಿ ಕಲ್ಲಿನ ಗೋಡೆ, ತಗಡಿನ ಮಾಡು, ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆಯ ಸುರುಳಿ, ನೀರಿನ ಕೊಡಗಳು ಮತ್ತು ಆರು ಜನ; ಇದ್ದೊಂದು ಕಿಟಕಿಯ ಎದುರಿಗೇ ಪಕ್ಕದ ಮನೆಯವರ ಬಚ್ಚಲು. ಸೊಸೆಯಂದಿರು ಸ್ನಾನ ಮಾಡುವ ಜಾಗದ ಎದುರು ಕಿಟಕಿ ತೆರೆಯುವವರು ಯಾರು? ಗಾಳಿಯಾಡದ ಕೋಣೆಯಲ್ಲಿ ಈ ರೋಗ ಒಬ್ಬರಿಂದೊಬ್ಬರಿಗೆ ಬೇಗ ಹರಡುತ್ತದೆಂದು ನಾವು ವಿವರಿಸುತ್ತಿರುವಾಗಲೇ ಆಯಿ ಎದ್ದು ಹೋಗಿ, ಎರಡೂ ಮನೆಯವರನ್ನು ಕೂಡಿಸಿ ಮಾತಾಡಿ, ಮಾಡಿನ ಕೆಳಗಿನ ಎರಡು ಕಲ್ಲು ತೆಗೆಸಿ ಅಲ್ಲಿ ಜಾಳಿಗೆ ಹಾಕಿಸಲು ಒಪ್ಪಿಸಿ ಬಂದರು. ನಮ್ಮ ಕರಪತ್ರಗಳೆಲ್ಲ ಸೇರಿ ಇಷ್ಟು ಮಾಡಲಿಲ್ಲವೆಂದು ನನ್ನ ಅನಿಸಿಕೆ.

ಆ ಮಳೆಯ ರಾತ್ರಿಯನ್ನು ಕುರಿತು ಇಲ್ಲಿಯವರೆಗೆ ಬರೆದಿರಲಿಲ್ಲ. ಗೌಂಡಿ ಕೆಲಸದ ಹುಡುಗ ಕೆಮ್ಮಿ ಕೆಮ್ಮಿ ರಕ್ತ ಕಾರುತ್ತಿದ್ದ. ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದರಿಂದ ಆಂಬುಲೆನ್ಸ್ ದೊಡ್ಡ ರಸ್ತೆಯಲ್ಲೇ ನಿಂತಿತ್ತು. ಆಯಿ ನಾಲ್ಕು ಹುಡುಗರನ್ನು ಎಬ್ಬಿಸಿ, ಅವನನ್ನು ಹೊರಸಿನ ಮೇಲೆ ಮಲಗಿಸಿ ಹೊರಿಸಿದರು. ತಾವು ಪಕ್ಕದಲ್ಲಿ ತಾಡಪತ್ರಿ ಹಿಡಿದು ನಡೆದರು. ಆಸ್ಪತ್ರೆಯಲ್ಲಿ ಬೆಳತನಕ ಅವನ ತಲೆಯ ಹತ್ತಿರ ಕುಳಿತು ಸ್ಟೀಲಿನ ಬಟ್ಟಲು ಹಿಡಿದಿದ್ದರು. ಅವನ ಹೆಂಡತಿಯ ಮುಖ ನೋಡಲಾಗದೆ ನಾನು ಹೊರಗೆ ಹೋಗಿ ಅತ್ತೆ, ಇನ್ನು ಈ ಓಣಿಗೆ ಕಾಲಿಡಲಾರೆ ಅಂದುಕೊಂಡೆ. ಹುಡುಕಿಕೊಂಡು ಬಂದ ಆಯಿ, "ಅಳೋದಿದ್ರ ಮುಂಜಾನಿ ಅಳ್ರಿ, ನನ್ನ ಕೈ ಸೋತಾವ, ಬಟ್ಟಲ ಹಿಡೀರಿ" ಎಂದರು. ಹಿಡಿದೆ. ಬೆಳಕು ಹರಿಯುವ ಹೊತ್ತಿಗೆ ರಕ್ತ ನಿಂತಿತು. ಖಾನಾವಳಿಯ ರೊಟ್ಟಿಗೆ ಹೊತ್ತಾಯಿತೆಂದು ಅವರು ಎದ್ದು ಹೋದರು. ಮೇಲೆ ಹೇಳಿದ ಚೀಟಿ ಹಿಡಿದು ಬಂದದ್ದು ಅದೇ ಹುಡುಗ.

ಧನ್ಯವಾದ ಹೇಳಲು ನಿನ್ನೆ ಹೋದಾಗ ಆಯಿ ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಓಣಿಯಲ್ಲಿ ಒಬ್ಬ ಮುದುಕರಿಗೆ ಎರಡು ವಾರದಿಂದ ಕೆಮ್ಮು ನಿಂತಿಲ್ಲವೆಂದೂ ಕಫದ ಡಬ್ಬಿ ತಂದಿರಾ ಎಂದೂ ಕೇಳಿದರು. ಸೋಮವಾರ ಸಂಜೆ ಅಲ್ಲಿಗೆ ಹೋಗುತ್ತಿದ್ದೇವೆ. ಜೊತೆಗೆ ಬರುವವರು ದಯವಿಟ್ಟು ಭಾನುವಾರದೊಳಗೆ ತಿಳಿಸಬೇಕು.