ಕೆಂಚನ ಬಾಯಿ ಯಾರ ಮುಂದೆ ಕಟ್ಟುತ್ತೆ?

ಸರಸ್ವತಿಪುರಂ, ಮೈಸೂರು

ಪ್ರಿಯ ತಮ್ಮಾ,

ಪಿಶಾಚಿ ಕೊಲ್ಲುವ ಕೆಂಚನ ಮೇಲೆ ನೀನು ಬರೆದ ಕಥೆ ಬಂದು ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಉತ್ತರ ತಡವಾದದ್ದಕ್ಕೆ ಸೋಮಾರಿತನ ಕಾರಣ ಅಲ್ಲ. ಕಾಗದದ ಕೊನೆಯಲ್ಲಿ ‘ನನ್ನ ಕೆಂಚನಿಗೆ ಡಾಂಟೆಯೇ ಸ್ಫೂರ್ತಿ ಸಾರ್’ ಅಂತ ಬರೆದಿದ್ದೆಯಲ್ಲ, ನಾನು ಅದನ್ನ ಇಟಲಿಯ ಕವಿ ಅಂದುಕೊಂಡೆ. ಆ ಕವಿಗೂ ಮಂಡ್ಯದ ವಿ.ಸಿ. ನಾಲೆಗೂ ಏನು ಸಂಬಂಧ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮೊಮ್ಮಗಳು ನಕ್ಕೂ ನಕ್ಕೂ, ‘ತಾತ, ಅದು ಜಪಾನಿನ ವಿಡಿಯೊ ಗೇಮು. ಡೆವಿಲ್ ಮೇ ಕ್ರೈ. ಅದರ ಹೀರೊ ಡಾಂಟೆ’ ಅಂದಳು.

ಸರಿ, ಒಂದು ವಾರ ಅವಳ ಪಕ್ಕ ಕೂತು ನೋಡಿದೆ. ಬಿಳಿ ಕೂದಲು, ಕೆಂಪು ಕೋಟು, ಬೆನ್ನಿಗೊಂದು ಕತ್ತಿ, ಎರಡು ಪಿಸ್ತೂಲು. ಅಪ್ಪ ರಾಕ್ಷಸ, ಅಮ್ಮ ಮನುಷ್ಯಳು. ರಾಕ್ಷಸರನ್ನ ಕೊಲ್ಲೋದೇ ಕಸುಬು, ಅದಕ್ಕೊಂದು ಅಂಗಡಿ ಬೇರೆ. ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರಲ್ಲ. ಮೊದಮೊದಲು ನನಗೆ ತಲೆನೋವು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ನಾಲ್ಕನೇ ದಿನದ ಹೊತ್ತಿಗೆ, ಊಟಕ್ಕೆ ಕರೆದರೂ ಏಳದೆ ಕೂತಿದ್ದೆ. ಯಾಕೆ ಅಂತ ಯೋಚಿಸಿದಾಗಲೇ ನಿನ್ನ ಕಥೆಯಲ್ಲಿ ಏನು ಕಮ್ಮಿ ಅನ್ನೋದು ಗೊತ್ತಾಯಿತು.

ನಿನ್ನ ಕೆಂಚ ಹನ್ನೊಂದು ಪುಟದಲ್ಲಿ ಹದಿನಾಲ್ಕು ಪಿಶಾಚಿ ಕೊಲ್ಲುತ್ತಾನೆ. ಬುಲೆಟ್ ಬೈಕು ಓಡಿಸುತ್ತಾನೆ. ಮಂಡ್ಯದ ಬಿಸಿಲಲ್ಲಿ ಚರ್ಮದ ಕೋಟು ಹಾಕಿಕೊಳ್ಳುತ್ತಾನೆ, ದೇವರೇ ಕಾಪಾಡಬೇಕು. ಎಲ್ಲರಿಗೂ ಎದುರುತ್ತರ ಕೊಡುತ್ತಾನೆ. ಆದರೆ ಅವನ ಬಾಯಿ ಯಾರ ಮುಂದೆ ಕಟ್ಟುತ್ತೆ? ಹುಡುಕಿದೆ, ಸುಲಭಕ್ಕೆ ಸಿಗಲಿಲ್ಲ. ಈ ಕಾಗದದಲ್ಲಿ ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ಸುತ್ತ ಸುತ್ತೋದು.

ಆ ಗೇಮಿನವರೇ ಒಮ್ಮೆ ಎಡವಿದ್ದಾರೆ, ನೋಡು. ಮೊದಲ ಆಟ ಬಂದದ್ದು 2001ರಲ್ಲಿ. 2003ರಲ್ಲಿ ಎರಡನೆಯದು ತಂದರು. ಅದರಲ್ಲಿ ಡಾಂಟೆಯ ಮಾತು ಕಿತ್ತುಕೊಂಡರು. ಗಂಭೀರ, ಮೌನ, ಮುಖ ಗಂಟು. ಆಡುವವರಿಗೆ ಅದು ಹಿಡಿಸಲಿಲ್ಲ. 2005ರಲ್ಲಿ ಮೂರನೆಯದು ಬಂದಾಗ ಮತ್ತೆ ಹಳೇ ಬಾಯಿಬಡುಕನನ್ನೇ, ಅದೂ ಹರೆಯದವನನ್ನ, ಕರೆತಂದರು. ಇದನ್ನ ಯಾಕೆ ಹೇಳಿದೆ ಅಂದರೆ, ನನ್ನ ಕಾಗದ ಓದಿ ನೀನು ನಾಳೆ ಬೆಳಿಗ್ಗೆಯೇ ಕೆಂಚನನ್ನ ಮೂಕ ಮಾಡಿ ಕೂರಿಸಿಬಿಡುತ್ತೀಯ ಅಂತ ಭಯ. ಹಾಗೆ ಮಾಡಬೇಡ. ಊರೆಲ್ಲ ಬಾಯಿ ಮಾಡುವವನು ಒಂದು ಕಡೆ ಸುಮ್ಮನಾದರೆ ನಮ್ಮ ಕಿವಿ ನಿಮಿರುತ್ತೆ. ಹುಟ್ಟಾ ಮೂಗನ ಮೌನಕ್ಕೆ ಯಾರು ಬೆಲೆ ಕೊಡುತ್ತಾರೆ?

ಆ ಮೂರನೆಯದರ ಶುರು ಚೆನ್ನಾಗಿದೆ. ಹೊಸ ಅಂಗಡಿ, ಇನ್ನೂ ಹೆಸರೂ ಇಟ್ಟಿಲ್ಲ. ಹುಡುಗ ಮೈಮೇಲೆ ಅಂಗಿಯಿಲ್ಲದೆ ಕೂತು ಪಿಜ್ಜಾ ತಿನ್ನುತ್ತಿದ್ದಾನೆ. ರಾಕ್ಷಸರು ನುಗ್ಗಿದರೂ ಕೈಯಲ್ಲಿರೋ ತುಂಡು ಬಿಡಲ್ಲ. ಮುರಿದ ಅಂಗಡಿ ನೋಡಿದಾಗ ಮಾತ್ರ ಸಿಟ್ಟು ಬರುತ್ತೆ. ಹೆಸರಿಡೋ ಮುಂಚೆಯೇ ಹಾಳು ಮಾಡಿದರಲ್ಲ ಅಂತ. ಈ ಹಸಿವು, ಈ ಅಂಗಡಿ, ಮುಂದೆ ಬೆನ್ನು ಹತ್ತುವ ಸಾಲ, ಇವೆಲ್ಲ ಸುಮ್ನೆ ತಮಾಷೆಗೆ ಇಟ್ಟದ್ದು ಅಂದುಕೊಳ್ಳಬೇಡ. ಸಾಲ ಇದ್ದವನಿಗೆ ಕೇಳೋಕೆ ಬರುವವರು ಇರುತ್ತಾರೆ. ಹಸಿವಿದ್ದವನಿಗೆ ಬಡಿಸುವವರು ಬೇಕಾಗುತ್ತೆ.

ನನಗೆ ಇದು ತಡವಾಗಿ ಗೊತ್ತಾದದ್ದು. ಬಹಳ ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದೆ. ಹೀರೊ ಮಹಾ ಉಡಾಳ, ನಿನ್ನ ಕೆಂಚನ ಅಣ್ಣ ಅಂತಿಟ್ಟುಕೋ. ಐದನೇ ಕಂತು ಬಂದ ಮೇಲೆ ಒಂದು ಕಾರ್ಡು ಬಂತು. ‘ಸ್ವಾಮಿ, ಐದು ವಾರ ಆಯಿತು, ನಿಮ್ಮ ಹುಡುಗ ಒಂದು ಹೊತ್ತೂ ಉಣ್ಣಲಿಲ್ಲವಲ್ಲ, ಅವನಿಗೆ ಮನೆಮಂದಿ ಯಾರೂ ಇಲ್ಲವೇ?’ ಅಷ್ಟೇ ಬರೆದಿತ್ತು. ಆರನೇ ಕಂತಲ್ಲಿ ಅವಸರ ಅವಸರವಾಗಿ ಅವನಿಗೊಬ್ಬ ಕುರುಡು ತಾಯಿಯನ್ನ ಹುಟ್ಟಿಸಿದೆ. ಅದು ಇನ್ನೂ ಕೆಟ್ಟದಾಯಿತು. ಅಳಿಸೋಕೆ ಅಂತಲೇ ತಂದ ತಾಯಿ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತೆ.

ಡಾಂಟೆಗೂ ಸತ್ತ ತಾಯಿ ಇದ್ದಾಳೆ. ಆದರೆ ಅವಳನ್ನ ಬಳಸಿರೋ ರೀತಿ ನೋಡು. ಮೊದಲ ಆಟದಲ್ಲಿ ಟ್ರಿಶ್ ಅಂತ ಒಬ್ಬಳು ಬರುತ್ತಾಳೆ. ಅವಳನ್ನ ಶತ್ರುವೇ ಸೃಷ್ಟಿಸಿ ಕಳಿಸಿದ್ದು, ಥೇಟ್ ಅವನ ತಾಯಿಯ ಮುಖ ಕೊಟ್ಟು. ಅವಳು ಮೋಸ ಮಾಡುತ್ತಾಳೆ. ಇವನು ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ಆದರೂ ಕೊಲ್ಲಲ್ಲ, ಕಾಪಾಡುತ್ತಾನೆ. ಆ ಮುಖ ಕೊಲ್ಲೋಕೆ ಬಿಡಲ್ಲ. ಮುಂದೆ ಅವಳು ಇವನಿಗೆ ಬರೋ ಏಟನ್ನ ತಾನು ತಿಂದು ಬಿದ್ದಾಗ ಇವನು ಸಂಕಟದಿಂದ ಕೂಗುತ್ತಾನೆ. ತಾಯಿ ನೆನಪಾಗಿ ಅತ್ತ ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಅವರು ತಾಯಿಯ ಮುಖವನ್ನ ಶತ್ರುವಿನ ಮೈಗೆ ಅಂಟಿಸಿ ಅವನ ಎದುರು ನಿಲ್ಲಿಸಿದರು. ನಾನು ಕುರುಡು ತಾಯಿ ತಂದದ್ದಕ್ಕೂ ಇದಕ್ಕೂ ಎಷ್ಟು ದೂರ!

ಅಣ್ಣನ ವಿಷಯ ಇನ್ನೂ ಗಟ್ಟಿ. ಅವಳಿ ಅಣ್ಣ, ವರ್ಜಿಲ್. ತಾಯಿ ಇಬ್ಬರಿಗೂ ಒಂದೊಂದು ಪದಕ ಕೊಟ್ಟಿದ್ದಾಳೆ. ಮೂರನೇ ಆಟದ ಕೊನೆಗೆ ಸೋತ ಅಣ್ಣ ಪಾತಾಳಕ್ಕೆ ಬೀಳುತ್ತಿದ್ದಾನೆ, ತಮ್ಮ ಓಡಿ ಹೋಗಿ ಕೈ ಚಾಚುತ್ತಾನೆ. ಅಣ್ಣ ಆ ಅಂಗೈಯನ್ನೇ ಕತ್ತಿಯಲ್ಲಿ ಗೀರಿ, ಬಿದ್ದು ಹೋಗುತ್ತಾನೆ. ಆಮೇಲೆ ಹೊರಗೆ ಬಂದಾಗ ಕಣ್ಣಲ್ಲಿ ನೀರು. ಜೊತೆಗಿದ್ದ ಹುಡುಗಿ ಕೇಳಿದರೆ, ಮಳೆ ಹನಿ ಅನ್ನುತ್ತಾನೆ. ಮಳೆ ಆಗಲೇ ನಿಂತಿದೆ ಅಂತ ಅವಳು ಹೇಳುತ್ತಾಳೆ. ಇಡೀ ಆಟದಲ್ಲಿ ಎಷ್ಟೆಲ್ಲ ಡೈಲಾಗು ಹೊಡೆದವನಿಗೆ ಅಲ್ಲಿ ಸಿಕ್ಕಿದ್ದು ಮಳೆ ಅನ್ನೋ ಹಳಸಲು ಸುಳ್ಳು. ಜಂಬದವನು ಸಿಕ್ಕಿಹಾಕಿಕೊಂಡಾಗ ಅವನ ಬುದ್ಧಿವಂತಿಕೆಯೂ ಕೈಕೊಡಬೇಕು. ಅಲ್ಲೂ ಚುರುಕಾಗಿ ಮಾತಾಡಿದರೆ ಅವನು ಸಿಕ್ಕಿಹಾಕಿಕೊಂಡೇ ಇಲ್ಲ ಅಂತ ಅರ್ಥ.

ನೀರೊ ಅನ್ನೋ ಹುಡುಗನ ಕಥೆ ನಿನಗೆ ಗೊತ್ತೇ ಇದೆ. 2019ರ ಐದನೇ ಆಟದಲ್ಲಿ, ದೊಡ್ಡ ರಾಕ್ಷಸನ ಎದುರು ಎಲ್ಲರೂ ಸೋಲುತ್ತಿರುವಾಗ, ಡಾಂಟೆ ಆ ಹುಡುಗನಿಗೆ ‘ನೀನು ಬರೀ ಹೊರೆ, ಹೋಗು’ ಅನ್ನೋ ಅರ್ಥದಲ್ಲಿ ಕೂಗುತ್ತಾನೆ. ಹುಡುಗನಿಗೆ ಅದು ಮುಳ್ಳಿನ ಹಾಗೆ ಚುಚ್ಚಿಕೊಳ್ಳುತ್ತೆ. ರಾಕ್ಷಸನಾಗಿ ಎದುರಿಗಿರೋದು ತನ್ನ ಅಣ್ಣ ವರ್ಜಿಲ್, ಈ ಹುಡುಗ ಆ ಅಣ್ಣನ ಮಗ ಅನ್ನೋದು ಡಾಂಟೆಗೆ ಗೊತ್ತು. ಮಗನ ಕೈಯಲ್ಲಿ ಅಪ್ಪನ ಕೊಲೆ ಆಗಬಾರದು. ಇಷ್ಟನ್ನ ಬಾಯಿಬಿಟ್ಟು ಹೇಳೋಕೆ ಬರದೆ ಬೈದು ಓಡಿಸುತ್ತಾನೆ. ನಮ್ಮ ಲೆಕ್ಕದಲ್ಲಿ ಅವನು ಚಿಕ್ಕಪ್ಪ ಆಗಬೇಕು. ಚಿಕ್ಕಪ್ಪಂದಿರು ಹೀಗೇ, ಅಲ್ವಾ?

ನನ್ನ ಚಿಕ್ಕಪ್ಪನ ಬಗ್ಗೆ ಹೇಳುತ್ತೇನೆ ಕೇಳು. ನಮ್ಮೂರು ಪಾಂಡವಪುರದ ಕಡೆ. ಅವನು ಸುತ್ತ ಹತ್ತು ಹಳ್ಳಿಗೆ ದೆವ್ವ ಬಿಡಿಸುವವನು. ನಿಂಬೆಹಣ್ಣು, ಬೇವಿನ ಸೊಪ್ಪು, ಒಂದು ಹುಣಸೆ ಬರಲು. ದೆವ್ವಕ್ಕೆ ಅವನು ಬೈಯೋದನ್ನ ಕೇಳೋಕೇ ಜನ ಸೇರುತ್ತಿದ್ದರು. ದೆವ್ವದ ವಂಶಾವಳಿಯನ್ನೇ ಬಿಚ್ಚುತ್ತಿದ್ದ. ದೆವ್ವ ಇತ್ತೋ ಇಲ್ಲವೋ, ಹೆಣ್ಣುಮಕ್ಕಳ ಬೆನ್ನಿಗೆ ಬೀಳುತ್ತಿದ್ದ ಏಟು ನಿಜ. ನಾನು ನೋಡಿದ್ದೇನೆ. ಹಾಗಾಗಿ ಅವನನ್ನ ಹೀರೊ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಒಂದು ರಾತ್ರಿ ಎರಡು ಗಂಟೆಗೆ ಬಂದ. ಮನೆಯಲ್ಲಿ ಅವನ ಅಕ್ಕ, ನನಗೆ ಅತ್ತೆ, ಗಂಡ ಸತ್ತ ಮೇಲೆ ತವರಲ್ಲೇ ಇದ್ದಳು. ಒಲೆ ಮುಂದೆ ಕೂತಿದ್ದಳು. ‘ಕೈಕಾಲ್ ತೊಳ್ಕಂಡ್ ಬಾರ್ಲಾ’ ಅಂದಳು. ಊರಿಗೇ ಗದರುವವನು ತೆಪ್ಪಗೆ ಹಿತ್ತಲಿಗೆ ಹೋಗಿ ತೊಳೆದುಕೊಂಡು ಬಂದ. ಮುದ್ದೆ, ಉಪ್ಸಾರು ಹಾಕಿದಳು. ಒಂದು ತುತ್ತು ಮುರಿದು ಖಾರಕ್ಕೆ ಅದ್ದಿದ. ಬಾಯಿಗೆ ಇಡಲಿಲ್ಲ. ತುತ್ತು ಬೆರಳಲ್ಲೇ ಒಣಗುತ್ತಿತ್ತು. ನಾನು ಕಂಬಳಿ ಸಂದಿಯಿಂದ ನೋಡುತ್ತಿದ್ದೆ.

‘ಯಾಕ್ಲಾ?’

‘ಆ ಹುಡ್ಗಿ ನನ್ ಕಾಲ್ ಹಿಡ್ಕಬುಟ್ಲು ಕಣಕ್ಕ.’

ಅತ್ತೆ ಏನೂ ಅನ್ನಲಿಲ್ಲ. ಎದ್ದಳು. ಬಾಗಿಲ ಮೂಲೆಯಲ್ಲಿ ಒರಗಿಸಿದ್ದ ಹುಣಸೆ ಬರಲು ತಂದು ಎರಡಾಗಿ ಮುರಿದು ಒಲೆಗೆ ತುರುಕಿದಳು. ಅದು ಚಟಪಟ ಅಂತ ಉರಿಯಿತು. ಅವನು ಉಂಡ.

ಇಲ್ಲಿಗೆ ನಿಲ್ಲಿಸಿದ್ದರೆ ಚೆಂದದ ಕಥೆ ಆಗುತ್ತಿತ್ತು. ಮುಂದಿನ ಅಮಾವಾಸ್ಯೆಗೆ ಅವನು ಹೊಸ ಬರಲು ಕಡಿದು ತಂದ. ಆದರೆ ಅದನ್ನ ಮನೆಯೊಳಗೆ ತರಲಿಲ್ಲ, ಹಿತ್ತಲ ಸೂರಿಗೆ ಸಿಕ್ಕಿಸಿದ. ಸಾಯೋವರೆಗೂ ಅಲ್ಲೇ ಇಡುತ್ತಿದ್ದ. ಅಕ್ಕನ ಮಾತಿಗೆ ಅವನು ಬದಲಾದದ್ದು ಅಷ್ಟೇ, ಬಾಗಿಲ ಮೂಲೆಯಿಂದ ಹಿತ್ತಲಿನವರೆಗೆ. ಕೆಂಚನನ್ನೂ ಕೊನೇ ಪುಟದಲ್ಲಿ ಪೂರ್ತಿ ಒಳ್ಳೆಯವನನ್ನಾಗಿ ಮಾಡಬೇಡ. ಹತ್ತು ಹೆಜ್ಜೆ ಸರಿಸು, ಸಾಕು.

ಮಾತಿನ ಬಗ್ಗೆ ಒಂದು ತಕರಾರು. ನಿನ್ನ ಕೆಂಚ ಪಿಶಾಚಿಗೆ ‘ನರಕಕ್ಕೆ ಸ್ವಾಗತ’ ಅನ್ನುತ್ತಾನೆ. ಮಂಡ್ಯದಲ್ಲಿ ಯಾರಪ್ಪಾ ಹೀಗೆ ಮಾತಾಡ್ತಾರೆ? ‘ಎದ್ದೋಗ್ಲಾ ಅತ್ಲಾಗೆ’ ಅಂದರೆ ದೆವ್ವ ಅಲ್ಲ, ಅದರಪ್ಪನೂ ಏಳುತ್ತಾನೆ. ನಿನ್ನ ಕೈಯಲ್ಲಿ ‘ಲಾ’ ಅನ್ನೋ ಅಕ್ಷರ ಇದೆಯಲ್ಲೋ! ಅದರಲ್ಲೇ ಬೈಯುತ್ತೀರಿ, ಅದರಲ್ಲೇ ‘ಉಂಡ್ಯೇನ್ಲಾ’ ಅಂತ ಕೇಳುತ್ತೀರಿ. ಒಂದೇ ‘ಲಾ’ದಲ್ಲಿ ದೆವ್ವವನ್ನೂ ಗೆಳೆಯನನ್ನೂ ಕರೆಯೋ ಊರು ಇಂಥ ಹೀರೊಗೆ ಹೇಳಿ ಮಾಡಿಸಿದ್ದು. ಎಲ್ಲರಿಗೂ ಏಕವಚನ ಹಾಕೋ ಕೆಂಚ ಒಬ್ಬರಿಗೆ ಮಾತ್ರ ‘ನೀವು’ ಅನ್ನಲಿ. ಯಾಕೆ ಅಂತ ವಿವರಿಸಬೇಡ. ಇನ್ನೊಂದು ದಿನ, ಸಿಟ್ಟಲ್ಲಿ, ಅದೇ ಮನುಷ್ಯನಿಗೆ ‘ನೀನು’ ಅಂದುಬಿಡಲಿ. ಓದುವವನ ಎದೆ ಧಸಕ್ಕೆನ್ನುತ್ತೆ. ಈ ಸೌಕರ್ಯ ಇಂಗ್ಲಿಷಿನವರಿಗಿಲ್ಲ.

‘ನಮ್ಮಲ್ಲಿ ಇಂಥ ಹೀರೊ ಇಲ್ಲ, ಅದಕ್ಕೇ ಜಪಾನಿನಿಂದ ತಂದೆ’ ಅಂತ ಬರೆದಿದ್ದೀಯ. ಇದನ್ನ ಒಪ್ಪಲಾರೆ. ನಿಮ್ಮ ಮಳವಳ್ಳಿ ದಾಟಿ ಜನ ನಡೆದು ಹೋಗುತ್ತಾರಲ್ಲ, ಏಳುಮಲೆಗೆ, ಯಾರ ಹತ್ತಿರ? ದೇವರನ್ನ ಗೇಮಿನ ಹುಡುಗನಿಗೆ ಹೋಲಿಸುತ್ತಿಲ್ಲ, ಕಥೆ ಕಟ್ಟಿದವರ ಜಾಣತನ ಹೇಳುತ್ತಿದ್ದೇನೆ. ಕಂಸಾಳೆಯವರು ಹಾಡೋ ಮಾದಪ್ಪ, ಅದೇ ಮಲೆ ಮಹದೇಶ್ವರ, ಹಟ ಹಿಡಿದರೆ ಬಿಡುವವನಲ್ಲ. ದೇವತೆಗಳನ್ನೇ ಸೆರೆ ಹಾಕಿ ಚಾಕರಿ ಮಾಡಿಸುತ್ತಿದ್ದ ಶ್ರವಣಾಸುರನನ್ನ ಮುಗಿಸಬೇಕು. ಅದಕ್ಕೆ ಏನು ಬೇಕಾಯಿತು? ಕತ್ತಿ ಅಲ್ಲ, ಉರಿ ಚಮ್ಮಾಳಿಗೆ. ಅದನ್ನ ಹೊಲಿದುಕೊಡೋಕೆ ಹರಳಯ್ಯನೇ ಬೇಕು. ಅಸುರನನ್ನ ಕೊಲ್ಲುವವನು ಚಪ್ಪಲಿ ಹೊಲಿಯುವವನ ಮನೆ ಬಾಗಿಲಿಗೆ ಹೋಗುತ್ತಾನೆ. ಗಂಡನಿಂದ ಹಿಂಸೆ ತಿಂದ ಸಂಕಮ್ಮನ ಹತ್ತಿರ ಅದೇ ಮಾದಪ್ಪ ಜಂಗಮನಾಗಿ ಬರುತ್ತಾನೆ. ಅಸುರ ಸಂಹಾರದ ಜೊತೆಗೆ ಸಂಕಮ್ಮನ ಕಥೆಯನ್ನೂ ಹಾಡುಗಾರರು ಎಳೆದು ಹಾಡುತ್ತಾರೆ. ಜನಕ್ಕೆ ಅದೂ ಕೇಳಬೇಕು.

ಇನ್ನು ನಿನ್ನ ಏಳನೇ ಪುಟ. ಮದ್ದೂರು ಬಸ್ ಸ್ಟ್ಯಾಂಡ್ ಹತ್ತಿರ ಕೆಂಚ ಬುಲೆಟ್ ನಿಲ್ಲಿಸುತ್ತಾನೆ. ಟೀ ಅಂಗಡಿ ಮುದುಕಿ, ‘ಹಳೇದು ಮುನ್ನೂರ ನಲವತ್ತು ಅದೆ ಕನ್ ಮಗ’ ಅನ್ನುತ್ತಾಳೆ. ಅವನು ಟೀ ಕುಡಿದು ಹೊರಡುತ್ತಾನೆ. ಮುಂದೆ ಅವಳ ಸುದ್ದಿಯೇ ಇಲ್ಲ. ನೀನು ಆ ಸಾಲು ಜಾಗ ತುಂಬೋಕೆ ಬರೆದಿರಬಹುದು. ನನಗೆ ಇಡೀ ಕಥೆಯಲ್ಲಿ ಪೆನ್ಸಿಲ್ ಗೆರೆ ಎಳೆಯಬೇಕು ಅನ್ನಿಸಿದ್ದು ಅಲ್ಲೇ. ಕೆಂಚ ಅವಳಿಗೆ ಎದುರುತ್ತರ ಕೊಡಲ್ಲ. ನೀನು ಗಮನಿಸಿದ್ದೀಯ? ಹನ್ನೊಂದು ಪುಟದಲ್ಲಿ ಅವನು ಸುಮ್ಮನೆ ಹೋದದ್ದು ಅದೊಂದೇ ಕಡೆ.

ಹದಿನಾಲ್ಕು ಪಿಶಾಚಿಗಳಲ್ಲಿ ಹನ್ನೊಂದನ್ನ ತೆಗೆದುಹಾಕು. ಆ ಜಾಗ ಮುದುಕಿಗೆ ಕೊಡು. ಅವಳು ಸಾಲ ಎಲ್ಲಿ ಬರೆದಿಡುತ್ತಾಳೆ? ಗೋಡೆಗೆ ಮಸಿಯಲ್ಲಿ ಗೀಚುತ್ತಾಳೋ, ಹಳೇ ಕ್ಯಾಲೆಂಡರ್ ಹಿಂದೆಯೋ, ಬಾಯಲ್ಲೇ ಲೆಕ್ಕವೋ? ಮಗ ಅನ್ನುತ್ತಾಳಲ್ಲ, ಎಲ್ಲರಿಗೂ ಹಾಗೇ ಅನ್ನುತ್ತಾಳಾ, ಇವನಿಗೆ ಮಾತ್ರವಾ? ಅವಳಿಗೆ ಇವನ ಕಸುಬು ಗೊತ್ತಾ? ಕೋಟಿನ ಮೇಲಿನ ಕಲೆ ನೋಡಿ ಏನಂದುಕೊಂಡಿದ್ದಾಳೆ? ಅವಳನ್ನ ಸಾಯಿಸೋಕೆ ಮಾತ್ರ ಹೋಗಬೇಡ. ನಿನ್ನ ಕೈ ಆ ಕಡೆ ತುಡಿಯುತ್ತೆ, ನನಗೆ ಗೊತ್ತು, ನನ್ನದೂ ತುಡಿಯುತ್ತಿತ್ತು.

ಕಾಗದ ಉದ್ದವಾಯಿತು. ದಸರಾ ಗಲಾಟೆ ಮುಗಿದ ಮೇಲೆ ಒಂದು ಭಾನುವಾರ ಬಾ. ಬೆಟ್ಟಕ್ಕೆ ಹೋಗೋಣ, ಮೆಟ್ಟಿಲು ಹತ್ತಿಯೇ ಹೋಗೋಣ, ನಂದಿಯ ಹತ್ತಿರ ನಾನು ಕೂತುಬಿಟ್ಟರೆ ನೀನೊಬ್ಬನೇ ಮೇಲೆ ಹೋಗಿ ಬಾ. ಅಲ್ಲಿ ಬಂದವರೆಲ್ಲ ಒಂದು ಕೈಲಿ ಕತ್ತಿ, ಇನ್ನೊಂದು ಕೈಲಿ ಹಾವು ಹಿಡಿದ ಮಹಿಷಾಸುರನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಯಾಕೆ ಅಂತ ಸ್ವಲ್ಪ ಹೊತ್ತು ನಿಂತು ನೋಡು. ನಿನ್ನ ಪಿಶಾಚಿಗಳ ಬಗ್ಗೆ ಆಮೇಲೆ ಮಾತಾಡೋಣ.

ಬರುವಾಗ ಏಳನೇ ಪುಟ ಹೊಸದಾಗಿ ಬರೆದು ತಾ. ಮುದುಕಿಗೆ ಒಂದು ಹೆಸರಿಡು.

ನಿನ್ನ ಮೇಷ್ಟ್ರು

ಮರೆತಿದ್ದೆ: ಮೊಮ್ಮಗಳೂ ನಿನ್ನ ಕಥೆ ಓದಿದಳು. ‘ಚೆನ್ನಾಗಿದೆ, ಆದರೆ ಆ ಕೋಟು ಬಿಚ್ಚಿಸೋಕೆ ಹೇಳಿ ತಾತ, ಬೆವರು ನಾತ ಪುಟದಿಂದ ಬರ್ತಿದೆ’ ಅಂದಳು.