ಪುಟ್ಟಿಯ ಹುರಿಹಿಟ್ಟು, ಪುಟ್ಟಿಯ ಲೆಕ್ಕ

ಶಾರ್ಜಾ

ಪ್ರೀತಿಯ ಅಪ್ಪ, ಅವ್ವ ಮತ್ತು ಪುಟ್ಟಿಗೆ,

ಇಲ್ಲಿ ನಾನು ಕ್ಷೇಮ. ಅಲ್ಲಿ ನೀವೆಲ್ಲಾ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತುಹೋಯಿತು. ಪುಟ್ಟಿ ಗಾರ್ಮೆಂಟ್ಸ್ ಕೆಲಸ ಬಿಟ್ಟು ಹುರಿಹಿಟ್ಟು, ಸಾರಿನ ಪುಡಿ ಮಾಡಿ ಮಾರುತ್ತೇನೆ ಅಂದಳು. ಅಪ್ಪ "ತಿಂಗಳಾದ್ರೆ ಬರೋ ಸಂಬಳ ಬಿಟ್ಟು ಹಿಟ್ಟು ಮಾರ್ತಾರಾ ಯಾರಾದ್ರೂ" ಅಂದರು. ಅವ್ವ ಏನೂ ಹೇಳಲಿಲ್ಲ. ಇಂಥ ವಿಷಯ ಫೋನಿನಲ್ಲಿ ಮುಗಿಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೂವರೂ ಕೂತು ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುಟ್ಟಿ ಕಡೆ. ಹಾಗಂತ ಅಪ್ಪನ ಭಯ ಸುಳ್ಳು ಅನ್ನುತ್ತಿಲ್ಲ.

ನನ್ನ ರೂಮಿನಲ್ಲಿ ಆಂಧ್ರದ ಒಬ್ಬ ಹಿರಿಯರಿದ್ದಾರೆ. ಅರ್ಧ ಆಯಸ್ಸು ಈ ಊರಲ್ಲೇ ಕಳೆದರು. ತಿಂಗಳು ತಿಂಗಳೂ ಊರಿಗೆ ದುಡ್ಡು ಕಳಿಸಿದರು, ಮನೆ ಎದ್ದಿತು, ಮಕ್ಕಳ ಮದುವೆ ಆಯಿತು. ಅವರ ಹೆಸರಿನಲ್ಲಿ ಮಾತ್ರ ಇವತ್ತಿಗೂ ಏನೂ ಇಲ್ಲ. ನಮ್ಮಂಥ ಹೊರಗಿನವರಿಗೆ ಇಲ್ಲಿ ಪಿಂಚಣಿ ಇಲ್ಲ. ಕೆಲಸ ಬಿಡುವಾಗ ಗ್ರಾಚ್ಯುಟಿ ಕೊಡುತ್ತಾರೆ: ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲಿನ ಒಂದೊಂದು ವರ್ಷಕ್ಕೂ 30 ದಿನದ್ದು. ಅಷ್ಟೇ. ಸಂಬಳ ಗಟ್ಟಿ ಅಂತೀರಲ್ಲ ಅಪ್ಪ, ಕೆಲಸ ಇರೋವರೆಗೆ ಮಾತ್ರ ಅದು ಗಟ್ಟಿ. ಪುಟ್ಟಿಗೆ ಬೇಕಾಗಿರೋದು ತನ್ನ ಹೆಸರಿನಲ್ಲಿ, ತನ್ನ ಕೈಯಲ್ಲಿ ನಿಲ್ಲುವ ಒಂದು ದುಡಿಮೆ.

ಆದರೆ ಪುಟ್ಟಿ, ನಾಳೆಯೇ ಹೋಗಿ ರಾಜೀನಾಮೆ ಕೊಡಬೇಡ. ಸದ್ಯಕ್ಕೆ ಭಾನುವಾರ ಮಾಡು, ಬೀದಿಯವರಿಗೆ, ಫ್ಯಾಕ್ಟರಿ ಗೆಳತಿಯರಿಗೆ ಮಾರು. ಆರು ತಿಂಗಳ ಮನೆ ಖರ್ಚು ಬೇರೆ ಖಾತೆಯಲ್ಲಿ ಕೂತಮೇಲೆ ಕೆಲಸ ಬಿಡು. ಅದರಲ್ಲಿ ಅರ್ಧ ನಾನು ಹಾಕುತ್ತೇನೆ, ಅರ್ಧ ನೀನೇ ಕೂಡಿಸು. ಆ ದುಡ್ಡು ರಾಗಿಗೂ ಅಲ್ಲ, ಪ್ಯಾಕೆಟ್ಟಿಗೂ ಅಲ್ಲ, ಹಬ್ಬಕ್ಕಂತೂ ಅಲ್ಲವೇ ಅಲ್ಲ. ಕೆಲಸ ಬಿಟ್ಟಾಗ ಪಿಎಫ್ ದುಡ್ಡು ಬಿಡಿಸಿಕೊಂಡು ಬಂಡವಾಳ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡ. ಪಿಎಫ್ ಖಾತೆಯ ಯುಎಎನ್ ನಂಬರ್ ಬರೆದಿಟ್ಟುಕೋ, ದುಡ್ಡು ಅಲ್ಲೇ ಇರಲಿ.

ಕೆಲಸ ಬಿಟ್ಟರೆ ಫ್ಯಾಕ್ಟರಿ ಕಡೆಯಿಂದ ಸಿಗುವ ಇಎಸ್‌ಐ ಚಿಕಿತ್ಸೆ ಕೂಡ ಹೆಚ್ಚು ದಿನ ಇರಲ್ಲ. ಇದು ಯಾರ ತಲೆಗೂ ಬರಲ್ಲ. ನಮ್ಮದು ಬಿಪಿಎಲ್ ಕಾರ್ಡ್ ಅಲ್ವಾ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಮೂವರ ಕಾರ್ಡೂ ಮಾಡಿಸಿ ಇಟ್ಟಿರಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆ, ಅಪಘಾತಕ್ಕೆ 2 ಲಕ್ಷ. 436 ರೂಪಾಯಿಯ ಜೀವನ್ ಜ್ಯೋತಿ ಜೀವವಿಮೆಯೂ ಇದೆ. ಎರಡಕ್ಕೂ ಸಹಿ ಹಾಕು.

ಈಗ ಲೆಕ್ಕದ ವಿಷಯ. ನಾನು ಇಷ್ಟುದ್ದ ಬರೆಯುತ್ತಿರುವುದೇ ಇದಕ್ಕೆ. ವ್ಯಾಪಾರದ ದುಡ್ಡು ಬೇರೆ, ಮನೆ ದುಡ್ಡು ಬೇರೆ. ವ್ಯಾಪಾರಕ್ಕೇ ಅಂತ ನಿನ್ನ ಹೆಸರಿನಲ್ಲಿ ಒಂದು ಖಾತೆ ತೆಗೆ. ಫೋನ್‌ಪೇ ಸ್ಕ್ಯಾನರ್ ಆ ಖಾತೆಗೇ ಇರಲಿ. ಅದರಿಂದ ಹಾಲಿನ ದುಡ್ಡು ಕೊಡಬೇಡ, ಕರೆಂಟ್ ಬಿಲ್ ಕಟ್ಟಬೇಡ. ತಿಂಗಳ ಮೊದಲ ವಾರ ನಿನಗೆ ನೀನೇ ಸಂಬಳ ಹಾಕಿಕೋ, ಎಷ್ಟೇ ಕಡಿಮೆ ಆದರೂ ಸರಿ, ಆಮೇಲೆ ಆ ಸಂಬಳದಲ್ಲಿ ಮನೆಗೆ ಕೊಡು. ನಮ್ಮ ಊರಲ್ಲಿ ಎಷ್ಟು ಅಂಗಡಿ ಕಣ್ಣೆದುರೇ ಮುಚ್ಚಿದವು ನೋಡು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಗಲ್ಲಾಪೆಟ್ಟಿಗೆಗೆ ಮನೆಯವರೆಲ್ಲಾ ಕೈ ಹಾಕುತ್ತಿದ್ದರು, ಸಾಮಾನು ತರುವ ದಿನ ಅದರಲ್ಲಿ ದುಡ್ಡೇ ಇರುತ್ತಿರಲಿಲ್ಲ.

ರಾಗಿ ನಮ್ಮ ಹೊಲದ್ದೇ ಅಂತ ನೀನು ಅಂದೆ. ಹೊಲದ್ದಾದರೂ ಬಿಟ್ಟಿ ಅಲ್ಲ. 2025-26ಕ್ಕೆ ರಾಗಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕೆಜಿಗೆ ಹೆಚ್ಚೂಕಡಿಮೆ 49 ರೂಪಾಯಿ ಆಯಿತು. ಮೂಟೆ ಬಿಚ್ಚಿದ ದಿನವೇ ಆ ಬೆಲೆಗೆ ಅಪ್ಪನ ಖಾತೆಗೆ ದುಡ್ಡು ಹಾಕು. ಅಪ್ಪ, ನೀವು ಬೇಡ ಅನ್ನಬೇಡಿ. ನೀವು ಬೇಡ ಅಂದರೆ ಅವಳ ಲೆಕ್ಕ ಮೊದಲ ದಿನವೇ ತಪ್ಪುತ್ತದೆ. ಮುಂದೆ ಮಳೆ ಕೈಕೊಟ್ಟು ರಾಗಿ ಹೊರಗಿಂದ ತರಬೇಕಾದಾಗ ಬೆಲೆ ಏರಿಸಲೂ ಆಗದೆ ಒದ್ದಾಡಬೇಕಾಗುತ್ತದೆ. ಅದರ ಮೇಲೆ ಗ್ಯಾಸು, ಮಿಲ್ಲಿನ ಕೂಲಿ, ಪ್ಯಾಕೆಟ್ಟು, ಆಟೋ, ನಿನ್ನ ಕೂಲಿ, ಎಲ್ಲಾ ಹಿಡಿ. ಹುರಿಯುವಾಗ ಅರಳದೆ ಉಳಿಯುವ ಕಾಳು, ಜರಡಿಯಲ್ಲಿ ಹೋಗುವ ಹೊಟ್ಟು, ಅದೂ ನಷ್ಟವೇ. ಒಂದು ಸಲ 5 ಕೆಜಿ ರಾಗಿ ತೂಗಿ ಹಾಕಿ, ಕೊನೆಗೆ ಎಷ್ಟು ಹಿಟ್ಟು ಸಿಕ್ಕಿತು ಅಂತ ತೂಗಿ ನೋಡು. ಬೆಲೆಯನ್ನು ಆ ತೂಕದ ಮೇಲೆ ಕಟ್ಟು.

ಹುರಿಹಿಟ್ಟು ಮಾಡೋದನ್ನ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ರಾಗಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿಟ್ಟು, ಆರಿಸಿ, ಕಾದ ಬಾಣಲೆಗೆ ಹಿಡಿಹಿಡಿ ಹಾಕಿದರೆ ಅದು ಪಟಪಟ ಅರಳುವುದನ್ನು ಅವ್ವನ ಪಕ್ಕ ಕೂತು ನೋಡಿಕೊಂಡೇ ಬೆಳೆದವಳು. ಮಾರುವಾಗ ಮಾತ್ರ ಎರಡು ವಿಷಯ ನೆನಪಿರಲಿ. ಮಿಲ್ಲಿನಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ನಿನ್ನ ಅರಳು ಕೊಡಬೇಡ. ಬೆಳಿಗ್ಗೆ ಮೊದಲು ಹೋಗು, ಸ್ವಲ್ಪ ಬರೀ ರಾಗಿ ಹಾಕಿಸಿ ಕಲ್ಲು ತೊಳೆದಂತೆ ಮಾಡಿಸು. ಹಿಟ್ಟು ಬಿಸಿ ಇರುವಾಗ ಪ್ಯಾಕ್ ಮಾಡಬೇಡ, ಒಳಗೆ ಹಬೆ ನೀರಾಗಿ ಗಂಟು ಕಟ್ಟುತ್ತದೆ, ಬೂಸ್ಟು ಹಿಡಿಯುತ್ತದೆ. ಬೆಲ್ಲ ಸೇರಿಸಿ ಮಾರುವುದೂ ನನಗೆ ಇಷ್ಟವಿಲ್ಲ. ಮನೆಯಲ್ಲಿ ಅವರವರೇ ಹಾಲು, ಬೆಲ್ಲ, ಕಾಯಿತುರಿ ಹಾಕಿಕೊಳ್ಳಲಿ.

ಇನ್ನೊಂದು. 'ಶುಗರ್ ಇರುವವರಿಗೆ ಒಳ್ಳೆಯದು' ಅಂತ ಪ್ಯಾಕೆಟ್ ಮೇಲೆ ಬರೆಯಬೇಡ, ಬಾಯಲ್ಲೂ ಹೇಳಬೇಡ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದನ್ನು ಧೈರ್ಯವಾಗಿ ಹೇಳು. ಆದರೆ ರಾಗಿಯಲ್ಲೂ ಪಿಷ್ಟವೇ ಜಾಸ್ತಿ. ಲೆಕ್ಕವಿಲ್ಲದೆ ಕುಡಿದರೆ ಅಪ್ಪನ ಶುಗರೂ ಏರುತ್ತದೆ.

ಕಾಗದ ಪತ್ರಕ್ಕೆ ಹೆದರಬೇಡ. ನಿನ್ನಂಥ ಸಣ್ಣ ವಹಿವಾಟಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಸಾಕು. ಸಣ್ಣ ಉದ್ಯಮಗಳ ಸರ್ಕಾರಿ 'ಉದ್ಯಮ್' ನೋಂದಣಿ ಪೂರ್ತಿ ಉಚಿತ, ಏಜೆಂಟ್ ದುಡ್ಡು ಕೇಳಿದರೆ ಎದ್ದು ಬಾ. ಮೈಸೂರಿನಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಸ್ವಂತ ಉದ್ಯೋಗಕ್ಕೆ ಊಟ, ವಸತಿ ಕೊಟ್ಟು ಉಚಿತವಾಗಿ ತರಬೇತಿ ಕೊಡುತ್ತಾರೆ. ಆಹಾರ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ ಕೂಡ ಅಲ್ಲೇ ಇದೆ, ಆಹಾರ ಕೆಡದಂತೆ ಇಡುವುದನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಯಾರು? ಮದ್ದೂರಿನಲ್ಲಿ ರೈಲು ಹತ್ತಿದರೆ ಮೈಸೂರು ಎಷ್ಟು ಹೊತ್ತು, ಅಪ್ಪನ ಜೊತೆ ಒಮ್ಮೆ ಹೋಗಿ ವಿಚಾರಿಸಿಕೊಂಡು ಬಾ. ಸಾಲ ಮಾತ್ರ ಈಗ ಬೇಡ. ಸರ್ಕಾರದ ಯೋಜನೆಯಲ್ಲಿ ಮಿಷನ್ನಿಗೆ ಸಬ್ಸಿಡಿ ಸಿಕ್ಕರೂ ಉಳಿದದ್ದು ನೀನೇ ತೀರಿಸಬೇಕಾದ ಸಾಲ. ಬಂದ ಗಿರಾಕಿ ಮತ್ತೆ ಮತ್ತೆ ಬರುತ್ತಿದ್ದಾರೆ ಅಂತ ಗೊತ್ತಾದಮೇಲೆ ಮಿಷನ್ ನೋಡೋಣ.

ಇನ್ನು ನಿನ್ನ ಮೈ. ಗಾರ್ಮೆಂಟ್ಸ್‌ನಲ್ಲಿ ಕೂತು ಕೂತು ಸೊಂಟ ನೋವು ಅಂತ ಅವ್ವ ಹೇಳಿದಳು. ಸ್ವಂತ ಕೆಲಸದಲ್ಲಿ ಮಲಗಿದ ದಿನದ ಕೂಲಿ ಯಾರೂ ಕೊಡಲ್ಲ. ಸೌದೆ ಒಲೆ ಮುಂದೆ ಗಂಟೆಗಟ್ಟಲೆ ಹುರಿಯಬೇಡ, ಆ ಹೊಗೆ ಎದೆಗೆ ಹೋಗುತ್ತದೆ. ಗ್ಯಾಸ್ ಮೇಲೆ, ಕಿಟಕಿ ತೆಗೆದು, ನಿಂತು ಹುರಿಯುವ ಎತ್ತರಕ್ಕೆ ಕಟ್ಟೆ ಮಾಡಿಸಿಕೋ. ಮೂಟೆ ಎತ್ತಬೇಡ, ಡಬ್ಬಕ್ಕೆ ಸ್ವಲ್ಪ ಸ್ವಲ್ಪ ತುಂಬಿಕೊಂಡು ಒಯ್ಯಿ. ಮಧ್ಯಾಹ್ನದ ಊಟ ಎರಡರೊಳಗೆ, ರಾತ್ರಿ ಹತ್ತಕ್ಕೆ ಆರ್ಡರ್ ಮೆಸೇಜ್ ನೋಡೋದು ಬಂದ್. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನೂ ಇಲ್ಲಿ ಬಿಸಿಲು ಇಳಿದಮೇಲೆ ದಿನಾ ಕೆರೆಯಂಥ ಖಾಲಿದ್ ಲಗೂನ್ ದಡದಲ್ಲಿ ನಡೆಯುತ್ತೇನೆ. ನೀನು ನಾಲೆ ಏರಿ ಮೇಲೆ ಅಪ್ಪನನ್ನೂ ಕರೆದುಕೊಂಡು ಹೋಗು, ಅವರ ಶುಗರಿಗೂ ಒಳ್ಳೆಯದು.

ಅವ್ವ, ನೀನು ಬಾಯಿಬಿಟ್ಟು ಹೇಳದಿದ್ದರೂ ನಿನ್ನ ಯೋಚನೆ ನನಗೆ ಗೊತ್ತು. ಮದುವೆ ಆಗಿ ಹೋಗುವವಳಿಗೆ ಇದೆಲ್ಲಾ ಯಾಕೆ ಅಂತ. ಹೋಗುವವಳು ಅಂತಲೇ ಬೇಕು. ಖಾತೆ, ರಿಜಿಸ್ಟ್ರೇಷನ್, ಗಿರಾಕಿಗಳ ನಂಬರ್, ಎಲ್ಲಾ ಅವಳ ಹೆಸರಿನಲ್ಲಿದ್ದರೆ ಅವಳು ಯಾವ ಊರಿಗೆ ಹೋದರೂ ಜೊತೆಗೇ ಹೋಗುತ್ತದೆ. ಕೈಯಲ್ಲಿ ತನ್ನ ದುಡ್ಡಿರುವ ಹೆಣ್ಣುಮಗಳು ಐವತ್ತು ರೂಪಾಯಿಗೂ ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ. ನೀನು ಎಷ್ಟು ವರ್ಷ ನೋಡಿದ್ದೀಯ ಅವ್ವ. ಪುಟ್ಟಿಗೆ ಅದು ಬೇಡ.

ಅಪ್ಪ, ಮೂರು ತಿಂಗಳಾಯಿತು, ಶುಗರಿನ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ ರಿಪೋರ್ಟ್ ವಾಟ್ಸಾಪ್ ಮಾಡಿಸಿ. ಪುಟ್ಟಿ, 5 ಕೆಜಿ ಲೆಕ್ಕ ಬರೆದು ಕಳಿಸು, ಬೆಲೆ ಇಬ್ಬರೂ ಕೂತು ಕಟ್ಟೋಣ. ಈ ತಿಂಗಳ ದುಡ್ಡಿನ ಜೊತೆ ಆರು ತಿಂಗಳ ಖಾತೆಗೆ ಮೊದಲ ಕಂತೂ ಹಾಕುತ್ತಿದ್ದೇನೆ.

ಇಂತಿ ನಿಮ್ಮ ಮಗ,
ಪುಟ್ಟಿಯ ಅಣ್ಣ