ಮಗಳಿಗೊಂದು ಪತ್ರ: ಗಣಿತದವರ ನಡುವೆ ಕೂತವಳಿಗೆ

ಕಲಬುರಗಿ
ಮೇ ತಿಂಗಳು

ಪ್ರೀತಿಯ ಮಗಳೇ,

"ಇಲ್ಲಿ ಎಲ್ಲರೂ ಗಣಿತದವರು, ನಾನೊಬ್ಬಳೇ ಸ್ಟ್ಯಾಟಿಸ್ಟಿಕ್ಸ್‌ನವಳು" ಅಂತ ಗಣಿತದ ಬೇಸಿಗೆ ಶಿಬಿರದಿಂದ ನೀನು ಹಾಕಿದ ಮೆಸೇಜನ್ನು ಅವ್ವನಿಗೆ ತೋರಿಸಿದೆ. "ಚಲೋ ಆಯ್ತಲ್ಲ, ಎಲ್ಲರಿಗೂ ಆಕಿ ಹೆಸರು ನೆನಪಿರ್ತದ" ಅಂದು ಒಳಗೆ ಹೋದಳು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿದೆ. ಫೋನಿನಲ್ಲಿ ಹೇಳಲು ಹೋದರೆ ನೀನು "ಹೂಂ ಅಪ್ಪಾ, ಹೂಂ ಅಪ್ಪಾ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಪತ್ರ.

ನನಗೆ ಅರ್ಥವಾಗಿದ್ದು ಇಷ್ಟು. ಮೇಷ್ಟ್ರು ನಿನ್ನನ್ನು ಬೋರ್ಡಿಗೆ ಕರೆದು, ಲಿಮಿಟ್ ಅಂದರೇನು ಹೇಳು ಅಂದರು. ಸ್ಯಾಂಪಲ್ ದೊಡ್ಡದಾದಂತೆ ಅದರ ಸರಾಸರಿ ಗಂಟೆಯಾಕಾರದ ನಾರ್ಮಲ್ ರೇಖೆಗೆ ಹತ್ತಿರವಾಗುತ್ತದೆ ಅನ್ನುವ ಸೆಂಟ್ರಲ್ ಲಿಮಿಟ್ ಥಿಯರಮ್ಮನ್ನು ನೀನು ಡಿಗ್ರಿಯಿಂದ ಬಳಸುತ್ತಾ ಬಂದಿದ್ದೀಯ. ಸ್ಯಾಂಪಲ್ ದೊಡ್ಡದಿದ್ದರೆ ಏನು ಮಾಡಬೇಕು, ಚಿಕ್ಕದಿದ್ದರೆ ಏನು ಮಾಡಬೇಕು, ಎಲ್ಲ ಗೊತ್ತು. ಆದರೆ ಲಿಮಿಟ್ ಅನ್ನುವುದನ್ನೇ ಬಿಡಿಸಿ ಹೇಳು ಅಂದಾಗ ಬಾಯಿ ಬರಲಿಲ್ಲ. ಪಕ್ಕದ ಹುಡುಗ ಎಪ್ಸಿಲಾನ್, ಡೆಲ್ಟಾ ಅಂತ ಲಿಮಿಟ್ಟಿನ ಖಚಿತ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಬರೆದುಬಿಟ್ಟ. ಆವತ್ತಿನಿಂದ ನೀನು ಹಿಂದಿನ ಬೆಂಚಿಗೆ ಹೋಗಿ ಕೂತಿದ್ದೀಯ. ಹೌದಲ್ವಾ?

ನಿಮ್ಮ ಈ ಶಿಬಿರ, ಎಂಟಿಟಿಎಸ್ (ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್) ಬಗ್ಗೆ ನಾನೂ ಸ್ವಲ್ಪ ಓದಿಕೊಂಡೆ. 1993ರಲ್ಲಿ ಪ್ರೊಫೆಸರ್ ಕುಮರೇಶನ್ ಅವರು ಶುರು ಮಾಡಿದ್ದಂತೆ. ಬೇಸಿಗೆ ರಜೆಯಲ್ಲಿ ನಾಲ್ಕು ವಾರ. ಉತ್ತರಕ್ಕಿಂತ "ಯಾಕೆ" ಅನ್ನುವ ಪ್ರಶ್ನೆಯೇ ಅಲ್ಲಿ ಜಾಸ್ತಿ. ಬೋರ್ಡ್ ನೋಡಿ ನೋಟ್ಸ್ ಇಳಿಸಿಕೊಂಡು ಬರುವ ಜಾಗ ಅದಲ್ಲ. ಅಂಥ ಕಡೆ ಸುಮ್ನೆ ಕೂರುವುದೊಂದೇ ದಂಡ. ಬೋರ್ಡಿನ ಮುಂದೆ ನಿಂತು ತಡವರಿಸಿದರೆ ಏನೂ ಹೋಗುವುದಿಲ್ಲ.

ನಿನ್ನ ಕಾಕಾ ಮೊನ್ನೆ ಬಂದಿದ್ದ. "ಈ ರಜೆಯಲ್ಲಿ ಹೈದರಾಬಾದಿಗೆ ಕಳಿಸಿ ಡೇಟಾ ಸೈನ್ಸ್ ಕೋರ್ಸ್ ಮಾಡಿಸಿದ್ದರೆ ನೌಕರಿಗಾದರೂ ದಾರಿ ಆಗ್ತಿತ್ತು" ಅಂದ. ಚಹಾ ಕುಡಿಸಿ ಕಳಿಸಿದೆ. ಅವನ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ಕೋರ್ಸು ದೀಪಾವಳಿಗೂ ಇರುತ್ತದೆ, ಬರುವ ವರ್ಷವೂ ಇರುತ್ತದೆ.

ಈಗ ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ. ನಾನು ಸೇಡಂ ಕಡೆ ಗ್ರಾಮ ಲೆಕ್ಕಿಗನಾಗಿದ್ದಾಗ ಇಳುವರಿ ಅಂದಾಜು ಮಾಡಲು ಪ್ರತಿವರ್ಷ ತೊಗರಿಯ ಬೆಳೆ ಕಟಾವು ಪ್ರಯೋಗ ಇರುತ್ತಿತ್ತು. ಯಾವ ಸರ್ವೆ ನಂಬರಿನ ಹೊಲ ಅನ್ನುವುದು ರ‍್ಯಾಂಡಮ್ ನಂಬರಿನಿಂದ ಬರುತ್ತದೆ. ಹೊಲದ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ, ಅದೂ ನಂಬರಿನಿಂದಲೇ. ಅಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿನ ಗಿಡ ಕೊಯ್ದು, ಬಡಿದು, ತೂಗಬೇಕು. ಮೊದಮೊದಲು ರೈತರು "ಸಾಹೇಬ್ರ, ಆ ಕಡೆ ಬೆಳಿ ಚಲೋ ಅದ, ಅಲ್ಲಿ ಕೊಯ್ರಿ" ಅನ್ನುತ್ತಿದ್ದರು. 2016ರಲ್ಲಿ ಫಸಲ್ ಬಿಮಾ ಅನ್ನುವ ಬೆಳೆ ವಿಮೆ ಬಂದ ಮೇಲೆ ಮಾತು ತಿರುಗಿತು. ಪರಿಹಾರ ಸಿಗುವುದೇ ಇಳುವರಿ ಲೆಕ್ಕದ ಮೇಲೆ, ಇಳುವರಿ ಕಡಿಮೆ ಬಂದರೆ ದುಡ್ಡು. "ಈ ಮಗ್ಗಲು ಒಣಗಿ ಹೋಗ್ಯದ, ಇಲ್ಲೇ ಹಗ್ಗ ಹಾಕ್ರಿ" ಅನ್ನತೊಡಗಿದರು. ಅವರನ್ನು ಬೈಯುವ ಹಾಗಿಲ್ಲ. ಅವರ ಹೊಟ್ಟೆ ಅವರಿಗೆ. ನಾವು ಮಾತ್ರ ನಂಬರ್ ಎಲ್ಲಿ ಬಿತ್ತೋ ಅಲ್ಲೇ ಗೂಟ ಹೊಡೆಯಬೇಕು. ಬರೀ ಮಣ್ಣು ಕಂಡರೂ ಅಲ್ಲೇ.

ಅದರಲ್ಲಿ ದೊಡ್ಡ ಜಗಳ ಹಗ್ಗದ ಮೇಲೆ ನಿಂತ ಗಿಡದ್ದು. ತೊಗರಿ ಗಿಡ ಹರಡಿಕೊಂಡಿರುತ್ತದೆ, ನಿನಗೆ ಗೊತ್ತಲ್ಲ. ಬುಡ ಹೊರಗೆ, ಕೊಂಬೆ ಒಳಗೆ. ಒಳಗೆ ಹಿಡಿಯಬೇಕೋ ಹೊರಗೆ ಬಿಡಬೇಕೋ? ಅನುಮಾನ ಬಂದಾಗ ಮನುಷ್ಯನ ಕೈ ಒಳಗೇ ಎಳೆಯುತ್ತದೆ. ಹಗ್ಗದ ಚೌಕ ಚಿಕ್ಕದಾದಷ್ಟೂ ಅಂಚಿನ ಗಿಡದ ಪಾಲು ಜಾಸ್ತಿ. ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ಇದೇ ವಿಷಯಕ್ಕೆ 1940ರ ದಶಕದಲ್ಲಿ ಮಹಲನೋಬಿಸ್ ಮತ್ತು ಸುಖಾತ್ಮೆ ಅವರಂಥ ಸ್ಟ್ಯಾಟಿಸ್ಟಿಕ್ಸಿನ ದೊಡ್ಡವರಿಗೇ ವಾದ ಬಿದ್ದಿತ್ತು ಅಂತ ನೀನೇ ನನಗೆ ಹೇಳಿದ್ದು. ಮಹಲನೋಬಿಸ್ ಸಣ್ಣ ಸಣ್ಣ ವೃತ್ತ ಸಾಕು ಅಂದರು. ಚಿಕ್ಕ ತುಂಡಿನಲ್ಲಿ ಇಳುವರಿ ಹೆಚ್ಚಾಗಿ ಬರುತ್ತದೆ, ದೊಡ್ಡದೇ ಬೇಕು ಅಂತ ಸುಖಾತ್ಮೆ ತೋರಿಸಿದರು. ಆವತ್ತು ನನಗೆ ಎಷ್ಟು ಖುಷಿಯಾಯಿತು ಅಂದರೆ, ನಾವು ಬಿಸಿಲಲ್ಲಿ ನಿಂತು ಆಡಿದ ಜಗಳ ಪುಸ್ತಕದಲ್ಲೂ ಇದೆಯಲ್ಲ ಅಂತ!

ನಿನ್ನ ಪಕ್ಕದ ಹುಡುಗನಿಗೆ ಈ ಅಂಚಿನ ಗಿಡ ಗೊತ್ತಿರಲಿಕ್ಕಿಲ್ಲ. ಅದನ್ನು ಜಂಬಕ್ಕೆ ಹೇಳುತ್ತಿಲ್ಲ. ಅವನ ಎಪ್ಸಿಲಾನ್ ನಿನಗೆ ಬೇಕು. ನೀನು ಅದನ್ನು ಬಿಟ್ಟರೆ ನಡೆಯುವುದಿಲ್ಲ.

ಯಾಕೆ ಅಂದರೆ ನಮ್ಮ ಮಳಖೇಡವನ್ನೇ ನೋಡು. ಕಾಗಿಣಾ ದಂಡೆಯ ಆ ಕೋಟೆಗೆ ನೀನು ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನುವ ಸೂತ್ರ ಅದರಲ್ಲಿದೆ. ನಿಮ್ಮ ಬೈನಾಮಿಯಲ್ ಲೆಕ್ಕ ನಿಂತಿರುವುದು ಅದರ ಮೇಲೇ. ಅದೇ ಪುಸ್ತಕದಲ್ಲಿ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತಲೂ ಇದೆ. 5ನ್ನು ಸೊನ್ನೆಯಿಂದ ಭಾಗಿಸಿದರೆ 5 ಅಂತಾದರೆ, ಮತ್ತೆ ಸೊನ್ನೆಯಿಂದ ಗುಣಿಸಿದಾಗ 5 ಬರಬೇಕಲ್ಲ? ಬರುವುದು ಸೊನ್ನೆ. ಅಷ್ಟು ದೊಡ್ಡವರು ಹೇಳಿದ ಎರಡು ಮಾತು, ಒಂದು ಸರಿ, ಒಂದು ತಪ್ಪು. ನೋಡಲಿಕ್ಕೆ ಎರಡೂ ಒಂದೇ ಥರ ಇವೆ. ಯಾರು ಹೇಳಿದರು ಅನ್ನುವುದರಿಂದ ಗೊತ್ತಾಗುವುದಿಲ್ಲ. ಯಾಕೆ ಅಂತ ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಅದನ್ನು ಕೇಳುವುದು ಕಲಿಯಲಿಕ್ಕೇ ನೀನು ಅಲ್ಲಿಗೆ ಹೋಗಿದ್ದು.

ಹೋದ ಭಾನುವಾರ ನೀನು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದೆಯಲ್ಲ, ಎರಡು ಪಟ್ಟಿ ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅಂತ ಅಳೆಯುವ ಕೋರಿಲೇಶನ್ ಬಗ್ಗೆ? ನಿನ್ನ ದನಿಯಲ್ಲಿ ಆ ಉತ್ಸಾಹ ಕೇಳಿ ಬಹಳ ದಿನ ಆಗಿತ್ತು. ಮಳೆಯದ್ದೊಂದು ಪಟ್ಟಿ, ಇಳುವರಿಯದ್ದೊಂದು ಪಟ್ಟಿ. ಎರಡರಿಂದಲೂ ಅದರದರ ಸರಾಸರಿ ಕಳೆದರೆ ಎರಡು ವೆಕ್ಟರ್. ಅವುಗಳ ನಡುವಿನ ಕೋನದ ಕೊಸೈನೇ ಕೋರಿಲೇಶನ್. ಅದಕ್ಕೇ ಅದು ಮೈನಸ್ 1ಕ್ಕೂ 1ಕ್ಕೂ ಆಚೆ ಹೋಗುವುದಿಲ್ಲ, ಇದು ಕೋಶಿ-ಶ್ವಾರ್ಟ್ಸ್ ಅಸಮಾನತೆ ಅಪ್ಪಾ ಅಂದೆ. ಸರಾಸರಿ ಕಳೆದ ಮೇಲೆ ಉಳಿದದ್ದನ್ನೆಲ್ಲ ಕೂಡಿದರೆ ಸೊನ್ನೆಯೇ ಆಗಬೇಕು, ಹಾಗಾಗಿ ಒಂದು ದಿಕ್ಕು ಕಡಿಮೆ, ಅದಕ್ಕೇ ವೇರಿಯನ್ಸ್ (ಚದುರಿಕೆಯ ಅಳತೆ) ತೆಗೆಯುವಾಗ ಎನ್ ಬದಲು ಎನ್ ಮೈನಸ್ 1ರಿಂದ ಭಾಗಿಸುವುದು ಅಂದೆ. ಡಿಗ್ರಿಯಲ್ಲಿ ಬಾಯಿಪಾಠ ಮಾಡಿದ್ದು ಈಗ ಕಣ್ಣಿಗೆ ಕಂಡಿತು ಅಂದೆ. ಇಷ್ಟು ಸಿಕ್ಕಿದ ಮೇಲೂ "ನಾನು ಇಲ್ಲಿಯವಳಲ್ಲ" ಅಂದರೆ ಹೇಗೆ ಮಗಳೇ?

ಸ್ಟ್ಯಾಟಿಸ್ಟಿಕ್ಸಿನಲ್ಲಿ ದೊಡ್ಡ ಹೆಸರಾದ ಸಿ. ಆರ್. ರಾವ್ ಅವರೂ ನಿನ್ನ ಹಾಗೆ ಎರಡೂ ಮನೆಯವರೇ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದರು. ಮೊದಲು ಓದಿದ್ದು ಗಣಿತ. ಒಂದು ನೌಕರಿಯ ಸಂದರ್ಶನಕ್ಕೆ ಕಲ್ಕತ್ತೆಗೆ ಹೋದವರು ಅಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಗ್ಗೆ ಕೇಳಿ ಅಲ್ಲೇ ಸೇರಿದರು. ಒಂದು ಅಂದಾಜಿನ ಚದುರಿಕೆ ಎಷ್ಟಕ್ಕಿಂತ ಕಡಿಮೆಯಾಗಲಾರದು ಅಂತ ಹೇಳುವ ಕ್ರಾಮರ್-ರಾವ್ ಅಸಮಾನತೆ ಅವರ 1945ರ ಪೇಪರಿನಲ್ಲಿ ಬಂತು, ಅದರ ಪ್ರೂಫ್ ನೀನೇ ಬಿಡಿಸಿ ನೋಡು. ನಡುವೆ ಅದೇ ಕೋಶಿ-ಶ್ವಾರ್ಟ್ಸ್ ಕೂತಿರುತ್ತದೆ.

ನಾನು ಹೇಳಬೇಕಾದ್ದು ಒಂದೇ. ಸ್ಟ್ಯಾಟಿಸ್ಟಿಕ್ಸ್‌ನವಳು ಅನ್ನುವುದನ್ನು ಅಲ್ಲಿ ಮುಚ್ಚಿಡಬೇಡ. ಒಂದು ಥಿಯರಮ್ ಮುಗಿದ ಕೂಡಲೇ "ಸರ್, ಡೇಟಾದಲ್ಲಿ ಇದಕ್ಕೆ ಏನು ಅರ್ಥ?" ಅಂತ ಕೇಳು. ಯಾರಾದರೂ ನಕ್ಕರೆ ನಗಲಿ. ಲಿಮಿಟ್ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು, ಆ ಹುಡುಗನನ್ನೇ ಕೂರಿಸಿ ಹೇಳಿಸಿಕೋ. ಬದಲಿಗೆ ಅವನಿಗೆ ಅಂಚಿನ ಗಿಡದ ಕಥೆ ಹೇಳು. ಮತ್ತೆ ಮುಂದಿನ ಬೆಂಚಿಗೆ ಬಾ.

ಇಲ್ಲಿ ಬಿಸಿಲು ವಿಪರೀತ. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊರಿಯರ್ ಮಾಡಿಸಿದ್ದಾಳೆ. ರೂಮಿನವರಿಗೂ ಕೊಡು. ನಿನ್ನ ಖಾತೆಗೆ ದುಡ್ಡು ಹಾಕಿದ್ದೇನೆ.

ಹಾಂ, ನೀನು ಕೊಟ್ಟ ಲೆಕ್ಕ. ಮೂರು ಪಟ್ಟಿ ಇವೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಕೋರಿಲೇಶನ್ 0.9, ಎರಡನೆಯದಕ್ಕೂ ಮೂರನೆಯದಕ್ಕೂ 0.9. ಹಾಗಾದರೆ ಒಂದಕ್ಕೂ ಮೂರಕ್ಕೂ ಕನಿಷ್ಠ ಎಷ್ಟು? ಮಧ್ಯಾಹ್ನ ನಿದ್ದೆ ಬಿಟ್ಟು ಕೂತೆ. ಎರಡೂ ಕೋನ ಒಂದೇ ಅಳತೆ, ಹೆಚ್ಚೆಂದರೆ ಎರಡು ಕೂಡಿದಷ್ಟು ದೂರ ಹೋಗಬಹುದು. ಪಿಯುಸಿಯ ಕಾಸ್ ಟು ತೀಟಾ ಸೂತ್ರ ಹಾಕಿದೆ. 0.81ರ ಎರಡರಷ್ಟು, ಅದರಲ್ಲಿ 1 ಕಳೆದರೆ 0.62. ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಆಮೇಲೆ ಸುಮ್ನೆ 0.7 ಹಾಕಿ ನೋಡಿದೆ, ಮೈನಸ್ 0.02 ಬಂತು! ಎರಡೂ ಜೋಡಿ 0.7ರಷ್ಟು ಚೆನ್ನಾಗಿ ಹೊಂದಿದರೂ ಒಂದನೆಯದು ಮೂರನೆಯದರ ಉಲ್ಟಾ ಹೋಗಬಹುದು ಅಂತಾಯ್ತು. ನನಗೆ ನಂಬಿಕೆಯಾಗದೆ ಎರಡು ಸಲ ಮಾಡಿದೆ. ಸರಿ ಇದೆಯಾ ನೋಡಿ ಹೇಳು. ತಪ್ಪಿದ್ದರೆ ನನಗೊಬ್ಬನಿಗೇ ಮೆಸೇಜ್ ಹಾಕು, ಅವ್ವನಿಗೆ ಆಗಲೇ ಸರಿ ಬಂತು ಅಂತ ಹೇಳಿಬಿಟ್ಟಿದ್ದೇನೆ.

ನಿನ್ನ ಅಪ್ಪ